ಸರ್ವರ್ ಇಲ್ಲ, ನಾಳೆ ಬನ್ನಿ

1990ರ ದಶಕದಲ್ಲಿ ಬೆಂಗಳೂರಿನಲ್ಲೂ ಸುತ್ತಲಿನ ಊರುಗಳಲ್ಲೂ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದುದು ಹಿರಿಯ ಓದುಗರಿಗೆ ನೆನಪಿರಬಹುದು. ರಾತ್ರಿ ಪರಿಚಿತರ ದನಿಯಲ್ಲಿ ಕೂಗಿ ಕರೆಯುವ ದೆವ್ವವು ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬುದು ಜನರ ನಂಬಿಕೆಯಾಗಿತ್ತು. (ದೆವ್ವಕ್ಕೂ ಕನ್ನಡ ಓದಲು ಬರುತ್ತಿತ್ತು ಎಂಬುದೇ ಈಗಿನ ಬೆಂಗಳೂರಿಗರಿಗೆ ಸೋಜಿಗವೆನಿಸೀತು.) ಅದೇ ದಶಕದಲ್ಲಿ, 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ವ್ಯವಸ್ಥೆ, 1995ರ ಆಗಸ್ಟ್ 15ರಂದು ಸಾರ್ವಜನಿಕ ಇಂಟರ್ನೆಟ್, 1997ರಲ್ಲಿ ರಾಜ್ಯದ ಮಾಹಿತಿ ತಂತ್ರಜ್ಞಾನ ನೀತಿ ಬಂದವು. ದೆವ್ವ ಎತ್ತ ಹೋಯಿತೋ ತಿಳಿಯದು. ಬರಹ ಮಾತ್ರ ನ್ಯಾಯಬೆಲೆ ಅಂಗಡಿಯ ಬಾಗಿಲಿಗೆ ವರ್ಗವಾಗಿದೆ: ‘ಸರ್ವರ್ ಇಲ್ಲ, ನಾಳೆ ಬನ್ನಿ.’ ‘ಬಾ’ ಎಂಬುದು ‘ಬನ್ನಿ’ ಆಗಿರುವುದನ್ನು ಪ್ರಗತಿಯ ಲೆಕ್ಕಕ್ಕೆ ಸೇರಿಸಿಕೊಳ್ಳಲೇಬೇಕು.

ಹಿಂದೆ ಕಚೇರಿಗೆ ಹೋದವರಿಗೆ ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂಬ ಉತ್ತರ ಸಿಗುತ್ತಿತ್ತು. ಈಗ ಸಾಹೇಬರು ಕುರ್ಚಿಯಲ್ಲೇ ಇರುತ್ತಾರೆ, ಸರ್ವರ್ ಇರುವುದಿಲ್ಲ. ಸಾಹೇಬರ ಮೇಲೆ ದೂರು ಕೊಡಬಹುದಿತ್ತು, ಶಾಸಕರ ಹಿಂದೆ ಬಿದ್ದು ಅವರನ್ನು ಬೀದರಿಗೆ ಎತ್ತಂಗಡಿ ಮಾಡಿಸಬಹುದಿತ್ತು. ಹೋಟೆಲಿನ ಸರ್ವರ್ ಬಾರದಿದ್ದರೂ ಮೇಜು ಕುಟ್ಟಿ ಕರೆಯುವುದಕ್ಕೆ ಅವಕಾಶವಿದೆ. ಸರ್ಕಾರದ ಸರ್ವರ್ ಮಾತ್ರ ನಿರ್ಗುಣ, ನಿರಾಕಾರ. ಅದನ್ನು ಕಂಡವರಿಲ್ಲ, ಅದು ಲಂಚವನ್ನು ಮುಟ್ಟುವುದಿಲ್ಲ, ಕಡತವನ್ನೂ ಮುಟ್ಟುವುದಿಲ್ಲ. ‘ಭೂಮಿ’ ತಂತ್ರಾಂಶವು ಸುಮಾರು 2 ಕೋಟಿ ಪಹಣಿಗಳನ್ನು ಗ್ರಾಮ ಲೆಕ್ಕಿಗರ ಬಗಲಿನಿಂದ ಬಿಡಿಸಿ 15 ರೂಪಾಯಿಗೆ ರೈತನ ಕೈಗಿಟ್ಟದ್ದು ಸುಳ್ಳಲ್ಲ. ಆದರೆ ಲೆಕ್ಕಿಗರು ಊರಲ್ಲಿಲ್ಲದಿದ್ದರೆ ಅವರ ಮನೆಯನ್ನಾದರೂ ಹುಡುಕಿಕೊಂಡು ಹೋಗಬಹುದಿತ್ತು. ಸರ್ವರಿನ ಮನೆ ಯಾವ ಹೋಬಳಿಯಲ್ಲಿದೆ?

ಇನ್ನು ಹೆಬ್ಬೆಟ್ಟಿನ ಕಥೆ. ಕನ್ನಡದಲ್ಲಿ ಯಾರನ್ನಾದರೂ ‘ಹೆಬ್ಬೆಟ್ಟು’ ಎಂದರೆ ಅದು ಬೈಗುಳ. ಅಕ್ಷರ ಬಾರದವನು ಎಂದರ್ಥ. ಆ ಕಳಂಕವನ್ನು ತೊಳೆಯುವುದಕ್ಕಾಗಿಯೇ 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾಯಿತು, ದಿನವಿಡೀ ಕಳೆ ಕಿತ್ತು ಬಂದ ಹೆಂಗಸರು ರಾತ್ರಿ ಶಾಲೆಯಲ್ಲಿ ಕುಳಿತು, ಕುಡುಗೋಲಿಗಿಂತ ಭಾರವೆನಿಸಿದ ಬಳಪವನ್ನು ಹಿಡಿದು ತಮ್ಮ ಹೆಸರು ಬರೆಯುವುದನ್ನು ಕಲಿತರು. ಅವರು ಕಲಿತು ಮುಗಿಸುವಷ್ಟರಲ್ಲಿ ಮಾಹಿತಿ ತಂತ್ರಜ್ಞಾನ ಬಂದು, ‘ಸಹಿ ಬೇಡ ಅಮ್ಮ, ಹೆಬ್ಬೆಟ್ಟು ಒತ್ತಿ’ ಎಂದಿತು. ಈಗ ಎಂ.ಎ. ಓದಿದವರೂ ಅಕ್ಕಿಗಾಗಿ ಹೆಬ್ಬೆಟ್ಟೊತ್ತುತ್ತಾರೆ. ಅಷ್ಟರಮಟ್ಟಿಗೆ ಸಮಾನತೆ ಸಾಧಿಸಿದ್ದೇವೆ. ತೊಡಕೆಂದರೆ, ಅಡಕೆ ಸುಲಿದು, ಪಾತ್ರೆ ತಿಕ್ಕಿ ಗೆರೆ ಸವೆದ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ಕೀಲಿಮಣೆ ಕುಟ್ಟುವ ನುಣುಪು ಬೆರಳನ್ನು ಚೆನ್ನಾಗಿ ಗುರುತಿಸುತ್ತದೆ, ಆದರೆ ಆ ಬೆರಳಿನವರು ಪಡಿತರದ ಸಾಲಿಗೆ ಬರುವುದಿಲ್ಲ.

ದೇಶದ ಸಾಫ್ಟ್‌ವೇರ್ ರಫ್ತಿನಲ್ಲಿ ಮೂರನೇ ಒಂದಕ್ಕೂ ಹೆಚ್ಚು ಪಾಲು ಕರ್ನಾಟಕದ್ದು. ಆಧಾರ್‌ನ ದತ್ತಾಂಶ ಕೇಂದ್ರಗಳಲ್ಲಿ ಒಂದು ಇರುವುದೂ ಬೆಂಗಳೂರಿನಲ್ಲೇ. ಅಮೆರಿಕದ ಬ್ಯಾಂಕಿನ ಸರ್ವರ್ ನಡುರಾತ್ರಿ ಕೆಮ್ಮಿದರೆ ವೈಟ್‌ಫೀಲ್ಡಿನಲ್ಲಿ ಎದ್ದು ಕುಳಿತು ಕಷಾಯ ಕೊಡುವವರಿದ್ದಾರೆ. ಇತ್ತ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು. ಎರಡೇ ವರ್ಷದಲ್ಲಿ ಮುಗಿಯಬೇಕಿದ್ದ ಆ ಕೆಲಸಕ್ಕೆ 2015ರಲ್ಲಿ ಭಾರತ್‌ನೆಟ್ ಎಂಬ ಹೊಸ ಹೆಸರನ್ನಂತೂ ಇಟ್ಟರು. ಕೊರೊನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಗುಡ್ಡದ ತುದಿಯಲ್ಲಿ ಟಾರ್ಪಾಲು ಕಟ್ಟಿಕೊಂಡು ಪಾಠ ಕೇಳಿದರು. ನೆಟ್‌ವರ್ಕ್ ಬಾರದಿದ್ದರೆ ಮತ ಹಾಕುವುದಿಲ್ಲ ಎಂದು ಅಲ್ಲಿನ ಊರುಗಳು ಬೋರ್ಡು ಬರೆಸಿದವು. ಕುಂದುಕೊರತೆಗಳನ್ನು ಆನ್‌ಲೈನ್‌ನಲ್ಲೇ ಸಲ್ಲಿಸಬಹುದು ಎಂಬ ಸೌಲಭ್ಯ ಅವರಿಗೂ ಉಂಟು. ಅದಕ್ಕಾಗಿ ಅದೇ ಗುಡ್ಡವನ್ನು ಇನ್ನೊಮ್ಮೆ ಹತ್ತಿದರಾಯಿತು.

ಅಂಗಡಿಯಲ್ಲಿ ಅಷ್ಟರಲ್ಲಿ ಸರ್ವರ್ ಬಂದಿತೆಂಬ ಸುದ್ದಿ ಹಬ್ಬಿ, ಮಂಗಳಾರತಿಗೆ ಎದ್ದಂತೆ ಸಾಲಿಗೆ ಸಾಲೇ ಎದ್ದು ನಿಲ್ಲುತ್ತದೆ. ಮುಂದಿರುವ ಅಜ್ಜಿ ಹೆಬ್ಬೆರಳನ್ನು ಸೆರಗಿಗೆ ಒರೆಸಿ ಒತ್ತುತ್ತಾಳೆ. ಯಂತ್ರ ಒಪ್ಪುವುದಿಲ್ಲ. ಅಂಗಡಿಯವನು ಇನ್ನೊಂದು ಬೆರಳು ಕೇಳುತ್ತಾನೆ, ಮತ್ತೊಂದು ಕೇಳುತ್ತಾನೆ.

“ಕೈಯವು ಹತ್ತೂ ಆದವಲ್ಲ ಮಾರಾಯ,” ಎನ್ನುತ್ತಾಳೆ ಅಜ್ಜಿ, “ಇನ್ನು ಕಾಲಿನವು ಕೊಡಲಾ?”

ಅವನು ಉತ್ತರಿಸುವ ಮೊದಲೇ ಸರ್ವರ್ ಹೋಗಿರುತ್ತದೆ.