ಬಿಯರಿಗಿಂತ ಬಾಡಿಗೆ ದೊಡ್ಡದಾದ ಮೇಲೆ

ಈ ಶತಮಾನದ ಆರಂಭದಲ್ಲಿ ಸುಮಾರು 60,000ದಷ್ಟಿದ್ದ ಬ್ರಿಟನ್ನಿನ ಪಬ್ಬುಗಳು ಈಗ 45,000ದ ಆಸುಪಾಸಿಗೆ ಇಳಿದಿವೆ. ಕಾರಣ ಕೇಳಿದರೆ ಮೂರು ಉತ್ತರಗಳು ಸಿದ್ಧವಾಗಿರುತ್ತವೆ: 2007ರ ಧೂಮಪಾನ ನಿಷೇಧ, ಸೂಪರ್‌ಮಾರ್ಕೆಟ್ಟಿನ ಅಗ್ಗದ ಕ್ಯಾನುಗಳು, ಕೊರೊನಾ. ಮೂರೂ ಸುಳ್ಳಲ್ಲ. ಆದರೆ 2009ರಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಬಂದು ನೆಲೆಸಿದ ನನಗೆ, ಇವೆಲ್ಲಕ್ಕಿಂತ ಮೊದಲೇ ಪಬ್ಬಿನ ಒಡೆತನ ಕೈಬದಲಾದದ್ದೇ ದೊಡ್ಡ ಪೆಟ್ಟೆನಿಸುತ್ತದೆ.

1980ರ ದಶಕದ ಕೊನೆಯವರೆಗೂ ಬಾಸ್, ವಿಟ್‌ಬ್ರೆಡ್, ಕರೇಜ್ ಮೊದಲಾದ ಆರು ಕಂಪನಿಗಳು ದೇಶದ ಬಿಯರಿನ ಮುಕ್ಕಾಲು ಪಾಲನ್ನು ತಯಾರಿಸುತ್ತಿದ್ದವು. ಸಾವಿರಾರು ಪಬ್ಬುಗಳೂ ಅವುಗಳವೇ ಆಗಿದ್ದವು. ಪಬ್ಬನ್ನು ಬಾಡಿಗೆಗೆ ಹಿಡಿದವರು ಒಡೆಯನ ಬಿಯರನ್ನೇ ಒಡೆಯ ಹೇಳಿದ ಬೆಲೆಗೆ ಕೊಳ್ಳಬೇಕಿತ್ತು. ಈ ಕಟ್ಟುಪಾಡಿಗೆ ‘ಟೈ’ ಎನ್ನುತ್ತಾರೆ. ಥ್ಯಾಚರ್ ಸರ್ಕಾರವು 1989ರಲ್ಲಿ ‘ಬಿಯರ್ ಆರ್ಡರ್ಸ್’ ತಂದು, 2,000ಕ್ಕಿಂತ ಹೆಚ್ಚು ಪಬ್ಬುಗಳಿದ್ದ ಬ್ರೂವರಿಗಳು ಆ ಮಿತಿಯನ್ನು ಮೀರಿದವುಗಳಲ್ಲಿ ಅರ್ಧದಷ್ಟನ್ನು ಮಾರಬೇಕು, ಇಲ್ಲವೇ ಟೈನಿಂದ ಬಿಡಿಸಬೇಕು ಎಂದಿತು. ಆದರೆ ಬಿಯರ್ ತಯಾರಿಸದೆ ಪಬ್ಬುಗಳನ್ನಷ್ಟೇ ಇಟ್ಟುಕೊಂಡವರಿಗೆ ಈ ಮಿತಿ ಅನ್ವಯಿಸಲಿಲ್ಲ. ರಂಗೋಲಿಯ ಕೆಳಗೆ ನುಸುಳುವವರು ಆ ದೇಶದಲ್ಲೂ ಇದ್ದರು.

ಎಂಟರ್‌ಪ್ರೈಸ್ ಇನ್ಸ್, ಪಂಚ್ ಟ್ಯಾವರ್ನ್ಸ್‌ನಂಥ ‘ಪಬ್‌ಕೋ’ಗಳು, ಅಂದರೆ ಪಬ್ಬುಗಳನ್ನಷ್ಟೇ ಇಟ್ಟುಕೊಂಡ ಕಂಪನಿಗಳು, ಸಾಲ ತಂದು ಸಾವಿರಗಟ್ಟಲೆ ಪಬ್ಬುಗಳನ್ನು ಕೊಂಡವು, ಮುಂದೆ ಬರಬೇಕಾದ ಬಾಡಿಗೆಯನ್ನೇ ಆಧಾರವಾಗಿಟ್ಟು ಮತ್ತಷ್ಟು ಸಾಲ ಎತ್ತಿದವು. ಬ್ರೂವರಿಗಳಿಂದ ಸಗಟು ರಿಯಾಯಿತಿ ಪಡೆದ ಬಿಯರು ಬಾಡಿಗೆದಾರರಿಗೆ ಏರಿದ ದರದಲ್ಲೇ ತಲುಪಿತು. ಇತ್ತ 1742ರಿಂದ ಬಿಯರ್ ವ್ಯಾಪಾರದಲ್ಲಿದ್ದ ವಿಟ್‌ಬ್ರೆಡ್, 2000ರಲ್ಲಿ ತನ್ನ ಬ್ರೂವರಿಗಳನ್ನು ಬೆಲ್ಜಿಯಂನ ಇಂಟರ್‌ಬ್ರೂಗೆ ಮಾರಿ, ಹೋಟೆಲು ಮತ್ತು ಕಾಫಿಯ ವ್ಯಾಪಾರವನ್ನು ನೆಚ್ಚಿಕೊಂಡಿತು.

ನಮ್ಮ ಬೀದಿಯ ಪಬ್ಬು ನಡೆಸುತ್ತಿದ್ದವರು ಒಮ್ಮೆ ನನ್ನನ್ನು ನೆಲಮಾಳಿಗೆಗೆ ಕರೆದೊಯ್ದರು. ಹನ್ನೆರಡು ಡಿಗ್ರಿಯ ತಂಪು. ಅಡ್ಡ ಮಲಗಿಸಿದ ಒಂಬತ್ತು ಗ್ಯಾಲನ್ನಿನ ಪೀಪಾಯಿಗಳು. ಒಳಗೆ ಯೀಸ್ಟು ಇನ್ನೂ ಕೆಲಸ ಮಾಡುತ್ತಿರುವುದರಿಂದ ಮೇಲಿನ ಬೆಣೆಯ ಸುತ್ತ ಸಣ್ಣಗೆ ಉಕ್ಕುವ ನೊರೆ. ಇಂಥ ಪೀಪಾಯಿಯನ್ನು ತೆರೆದ ಮೂರ್ನಾಲ್ಕು ದಿನಗಳಲ್ಲಿ ಖಾಲಿ ಮಾಡದಿದ್ದರೆ ಬಿಯರು ಹುಳಿಯಾಗಿ ಮೋರಿಯ ಪಾಲಾಗುತ್ತದೆ. ಗೋಡೆಗೆ ಎರಡು ಚೀಟಿಗಳನ್ನು ಅಂಟಿಸಿದ್ದರು: ಒಂದೇ ಬಿಯರಿಗೆ ಟೈನ ದರ ಒಂದರಲ್ಲಿ, ಹೊರಗಿನ ದರ ಇನ್ನೊಂದರಲ್ಲಿ. ಅವರು ಏನೂ ಹೇಳಲಿಲ್ಲ, ಬೆರಳಿಟ್ಟು ತೋರಿಸಿದರಷ್ಟೆ.

ಟೈ ಇಲ್ಲದ ಕಡೆ ಹೊಸಬರಿಗೆ ಜಾಗ ಸಿಕ್ಕಿತು ಎಂಬುದಕ್ಕೆ ನಮ್ಮೂರಿನ ನಂಟಿರುವ ಕೋಬ್ರಾವೇ ಸಾಕ್ಷಿ. 1990ರಲ್ಲಿ ಬೆಂಗಳೂರಿನ ಮೈಸೂರು ಬ್ರೂವರೀಸ್‌ನಲ್ಲಿ ತಯಾರಾಗಿ ಹಡಗೇರಿದ ಈ ಬಿಯರು ಬ್ರಿಟನ್ನಿನಲ್ಲಿ ಬೇರುಬಿಟ್ಟದ್ದು ಪಬ್ಬುಗಳಲ್ಲಲ್ಲ, ಕರಿ ರೆಸ್ಟೋರೆಂಟುಗಳಲ್ಲಿ. ಹಾಗೆಯೇ 2002ರಲ್ಲಿ ವರ್ಷಕ್ಕೆ ಐದು ಲಕ್ಷ ಲೀಟರಿನೊಳಗೆ ತಯಾರಿಸುವ ಬ್ರೂವರಿಗಳಿಗೆ ಸುಂಕ ಅರ್ಧವಾದದ್ದರಿಂದ ನೂರಾರು ಸಣ್ಣ ಬ್ರೂವರಿಗಳು ತಲೆಯೆತ್ತಿದವು. ವಿಚಿತ್ರವೆಂದರೆ, ಒಳ್ಳೆಯ ಬಿಯರು ಹೆಚ್ಚಿದ ಅದೇ ಕಾಲದಲ್ಲಿ ಅದನ್ನು ಬಗ್ಗಿಸಿ ಕೊಡುವ ಕಟ್ಟೆಗಳು ಕಡಿಮೆಯಾದವು.

2008ರ ಆರ್ಥಿಕ ಕುಸಿತದ ನಂತರ ಸಾಲದ ಹೊರೆ ಹೊತ್ತ ಪಬ್‌ಕೋಗಳು ಪಬ್ಬುಗಳನ್ನು ಬರೀ ನಿವೇಶನಗಳಂತೆ ಮಾರತೊಡಗಿದವು. ದೊಡ್ಡ ಪಬ್‌ಕೋಗಳ ಬಾಡಿಗೆದಾರರು ಟೈ ಬಿಟ್ಟು ಮಾರುಕಟ್ಟೆ ದರದ ಬಾಡಿಗೆಯನ್ನಷ್ಟೇ ಕೊಡುವ ಆಯ್ಕೆ ಕೇಳಬಹುದೆಂಬ ನಿಯಮ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬಂದದ್ದು 2016ರಲ್ಲಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಅಷ್ಟರಲ್ಲಿ 1989ರ ಆದೇಶಗಳೂ ರದ್ದಾಗಿದ್ದವು. 2017ರಲ್ಲಿ ಪಂಚ್‌ನ ಸುಮಾರು 1,900 ಪಬ್ಬುಗಳನ್ನು ಬಿಯರ್ ತಯಾರಿಸುವ ಹೈನೆಕೆನ್ ಕಂಪನಿ ಕೊಂಡಿತು: ಯಾರ ಹಿಡಿತದಿಂದ ಪಬ್ಬನ್ನು ಬಿಡಿಸಲು ಹೊರಟಿದ್ದರೋ ಅದೇ ವರ್ಗಕ್ಕೆ ಸೇರಿದ, ಇನ್ನೂ ದೊಡ್ಡ ಒಡೆಯ.

ನಮ್ಮ ಬೀದಿಯ ಪಬ್ಬು 2014ರಲ್ಲಿ ದಿನಸಿ ಅಂಗಡಿಯಾಯಿತು. ಇಂಗ್ಲೆಂಡಿನಲ್ಲಿ ಪಬ್ಬನ್ನು ಅಂಗಡಿಯಾಗಿಸಲು ಯೋಜನಾ ಅನುಮತಿ ಕಡ್ಡಾಯವಾದದ್ದು 2017ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಸಾಮಾನ್ಯವಾಗಿ ಯಾರನ್ನೂ ಕೇಳಬೇಕಾಗಿರಲಿಲ್ಲ. ಪೀಪಾಯಿಗಳನ್ನು ನೆಲಮಾಳಿಗೆಗೆ ಉರುಳಿಸುತ್ತಿದ್ದ, ಫುಟ್‌ಪಾತಿನ ಮೇಲಿನ ಮರದ ಬಾಗಿಲಿನ ಜಾಗಕ್ಕೆ ಸಿಮೆಂಟು ಮೆತ್ತಿದ್ದಾರೆ.