ಕರಿ ನಾಯಿಗೆ ಮೋಡದ ಬೆಳಕೇ ಸರಿ
ಪಾರ್ಕಿಗೆ ಬರುವ ಜಾತಿ ನಾಯಿಗಳದ್ದೇ ಒಂದು ಫೋಟೊ ಸರಣಿ ಮಾಡಿ ಅಂತ ಬರೆದಿದ್ದೀರಿ, ಐಡಿಯಾ ಚೆನ್ನಾಗಿದೆ. ಆದರೆ ಒಳ್ಳೆ ಬಿಸಿಲಿಗೆ ಕಾಯಿರಿ ಅಂದಿದ್ದು ನಮ್ಮ ಶಿವಮೊಗ್ಗಕ್ಕೆ ಹೊಂದುವುದಿಲ್ಲ. ಬಿಸಿಲಲ್ಲಿ ಕರಿ ನಾಯಿಯ ಬೆನ್ನು ಬೆಳ್ಳಗೆ ಹೊಳೆದು, ಮುಖ ಬರೀ ಕಪ್ಪಾಗುತ್ತದೆ. ಮಳೆ ಬಿಟ್ಟು ಮೋಡ ಇರುವ ಹೊತ್ತಲ್ಲಿ ತೆಗೆದು ನೋಡಿ, ಹುಬ್ಬಿನ ಮೇಲಿನ ಒಂದೊಂದು ಕೂದಲೂ ಕಾಣುತ್ತದೆ. ಓಡುವ ನಾಯಿಗೆ ಶಟರ್ ತೆರೆದಿರುವ ಹೊತ್ತು ಸುಮಾರು 1/1000 ಸೆಕೆಂಡ್ ಇರಲಿ. ಬೆಳಕು ಸಾಲದಿದ್ದರೆ ಐಎಸ್‌ಒ (ಕಡಿಮೆ ಬೆಳಕಲ್ಲೂ ಫೋಟೊ ಬೆಳ್ಳಗೆ ಬರಿಸುವ ಸೆಟ್ಟಿಂಗ್) ಏರಿಸಿ, ಫೋಟೊದಲ್ಲಿ ಸ್ವಲ್ಪ ಗ್ರೇನ್, ಅಂದರೆ ಮರಳಿನಂಥ ಚುಕ್ಕೆ, ಬಂದರೆ ಬರಲಿ. ನೆಲದಲ್ಲಿ ಕೂತೇ ತೆಗೆಯಿರಿ. ಪ್ಯಾಂಟು ಕೆಸರಾಗುತ್ತದೆ, ಆಗುಂಬೆ ಕಡೆಯಾದರೆ ಇಂಬಳವೂ (ಜಿಗಣೆ) ಹತ್ತುತ್ತದೆ! ಫ್ಲ್ಯಾಶ್ ಮಾತ್ರ ಬೇಡ. ನಾಯಿ ಕಣ್ಣಿನ ಹಿಂದಿನ ಪದರ ಬೆಳಕನ್ನು ವಾಪಸ್ ಎಸೆಯುತ್ತದೆ, ಕಣ್ಣು ಹಸಿರು ಬಲ್ಬಿನ ಹಾಗೆ ಉರಿಯುತ್ತದೆ. ಮತ್ತೆ, ಜಾತಿ ನಾಯಿಗಳೇ ಯಾಕೆ? ಟೀ ಅಂಗಡಿ ಮುಂದೆ ಬನ್ನಿಗೆ ಕಾಯುವ ಕಂತ್ರಿಗಳೂ ನಮ್ಮವೇ ಅಲ್ವಾ?