ಹೆಸರು ಅದೇ, ಲೆಕ್ಕ ಬೇರೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2024ರ ಆವೃತ್ತಿಗೆ ಹೋಗುವುದೋ ಬೇಡವೋ ಎಂಬ ಮಾತು ಎದ್ದರೆ ಆವತ್ತು ಆಟ ನಡೆಯುವುದಿಲ್ಲ, ಮಾತೇ ನಡೆಯುತ್ತದೆ. ಆಟ ಗೊತ್ತಿಲ್ಲದವರು ತಾಳಮದ್ದಳೆಯನ್ನು ನೆನೆದುಕೊಳ್ಳಬಹುದು. ಪ್ರಸಂಗದ ದಾರಿ ಒಂದಿರುತ್ತದೆ, ಕೂತವರು ಕೂತಲ್ಲೇ ಪಾತ್ರವಾಗಿ ಮಾತು ಕಟ್ಟುತ್ತಾರೆ. ಭಾಗವತರ ಜಾಗದಲ್ಲಿ ಡಂಜನ್ ಮಾಸ್ಟರ್, ಅಂದರೆ ಡಿಎಂ. ಆದರೆ ಇಲ್ಲಿ ಮಾತಿನಲ್ಲಿ ಗೆದ್ದರೆ ಸಾಲದು. ಕತ್ತಿ ತಾಗಿತೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ಹೇಳಬೇಕು.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಈ ಆಟಕ್ಕೆ ಹೊಸ ಆವೃತ್ತಿಗಳ ಜಗಳ ಹೊಸದೇನಲ್ಲ. 2008ರ ನಾಲ್ಕನೆಯ ಆವೃತ್ತಿ ಎಷ್ಟು ಬೇರೆಯಾಗಿತ್ತೆಂದರೆ, ಅನೇಕರು ಅದನ್ನು ಮುಟ್ಟಲೇ ಇಲ್ಲ. ಹಳೆಯ ಮೂರೂವರೆ ಆವೃತ್ತಿಯ ನಿಯಮಗಳ ಮೇಲೆ ಕಟ್ಟಿದ ಪಾತ್‌ಫೈಂಡರ್ 2009ರಲ್ಲಿ ಬಂದು ಅಂಥವರನ್ನು ಕರೆದುಕೊಂಡಿತು. ಅಲ್ಲಿ ಗೊಂದಲವಿರಲಿಲ್ಲ, ಎರಡು ಆಟಗಳಿದ್ದವು ಅಷ್ಟೆ. 2024ರದ್ದು ಹಾಗಲ್ಲ. 2014ರ ಐದನೆಯ ಆವೃತ್ತಿಯನ್ನೇ ತಿದ್ದಿದ ರೂಪ ಅದು. ಹಳೆಯ ಸಾಹಸಕಥೆಗಳು ಇದರಲ್ಲೂ ನಡೆಯುತ್ತವೆ ಎಂದು ಪ್ರಕಾಶಕರೇ ಹೇಳಿದ್ದಾರೆ. ನಡೆಯುತ್ತವೆ ನಿಜ. ತೊಂದರೆ ಇರುವುದು ಆಡುವವರ ನೆನಪಿನಲ್ಲಿ: ಹತ್ತು ವರ್ಷ ಬಾಯಿಪಾಠವಾದದ್ದು ಹೊಸ ಪುಸ್ತಕ ತೆರೆಯಲು ಬಿಡುವುದಿಲ್ಲ.

ಕ್ಯೂರ್ ವೂಂಡ್ಸ್ ಮಂತ್ರ ಹಿಂದೆ ಎಂಟು ಮುಖದ ಒಂದು ದಾಳದಷ್ಟು ಗಾಯ ಮಾಯಿಸುತ್ತಿತ್ತು, ಈಗ ಎರಡು ದಾಳದಷ್ಟು. ಮದ್ದು ಕುಡಿಯಲು ಇಡೀ ಆ್ಯಕ್ಷನ್, ಅಂದರೆ ಸರದಿಯ ಮುಖ್ಯ ಕೆಲಸವೇ, ಖರ್ಚಾಗುತ್ತಿತ್ತು, ಈಗ ಬೋನಸ್ ಆ್ಯಕ್ಷನ್ ಎಂಬ, ಸರದಿಗೊಂದೇ ಸಿಗುವ ಚಿಕ್ಕ ಕೆಲಸ ಸಾಕು. ಬಳಲಿಕೆಗೆ ಆರು ಹಂತದ ಆರು ಬೇರೆ ಬೇರೆ ಶಿಕ್ಷೆಗಳಿದ್ದವು. ಈಗ ಒಂದೊಂದು ಹಂತಕ್ಕೂ ಇಪ್ಪತ್ತರ ದಾಳದಲ್ಲಿ 2 ಕಳೆ, ನಡಿಗೆಯಲ್ಲಿ 5 ಅಡಿ ಕಳೆ, ಆರಕ್ಕೆ ಸಾವು. ಇವೆಲ್ಲ ಖುಷಿಯ ಬದಲಾವಣೆಗಳು, ಯಾರೂ ತಕರಾರು ತೆಗೆಯುವುದಿಲ್ಲ. ತಕರಾರು ಬರುವುದು ಪ್ಯಾಲಡಿನ್, ಅಂದರೆ ದೈವಬಲದ ವೀರನ ಪಾತ್ರ, ಆಡುವವರಿಂದ. ಏಟಿನ ಬಲ ಹೆಚ್ಚಿಸುವ ಅವರ ಹಳೆಯ ಡಿವೈನ್ ಸ್ಮೈಟ್‌ಗೆ ಆ್ಯಕ್ಷನ್ ಬೇಕಿರಲಿಲ್ಲ; ಐದನೆಯ ಲೆವೆಲ್ (ಪಾತ್ರ ಬೆಳೆಯುವ ಮೆಟ್ಟಿಲು) ಮುಟ್ಟಿದವರು ಒಂದೇ ಸರದಿಯಲ್ಲಿ ಎರಡು ಏಟಿಗೂ ಅದನ್ನು ಸೇರಿಸಬಹುದಿತ್ತು. ಈಗ ಅದೊಂದು ಮಂತ್ರ, ಬೋನಸ್ ಆ್ಯಕ್ಷನ್ ಕೇಳುತ್ತದೆ. ಆದ್ದರಿಂದ ಸರದಿಗೆ ಒಂದೇ. ಎಂಟು ತೋಳಗಳನ್ನು ಕರೆತಂದು ಅರ್ಧ ಗಂಟೆ ದಾಳ ಉರುಳಿಸುತ್ತಿದ್ದ ಡ್ರೂಯಿಡ್‌ನ (ಕಾಡಿನ ಮಂತ್ರಗಾರನ) ಮಂತ್ರವೂ ಹೋಯಿತು. ಕಾಂಜ್ಯೂರ್ ಆ್ಯನಿಮಲ್ಸ್ ಎಂಬ ಹೆಸರು ಉಳಿದಿದೆ, ಈಗ ಬರುವುದು ಮಂತ್ರದ ಒಂದು ಹಿಂಡು, ಅದಕ್ಕೆ ಒಂದೇ ಲೆಕ್ಕ. ಡ್ರೂಯಿಡ್ ಬಿಟ್ಟು ಮಿಕ್ಕವರೆಲ್ಲ ಇದಕ್ಕೆ ಕೈ ಎತ್ತಿ ಮತ ಹಾಕುತ್ತಾರೆ.

ಡಿಎಂ ಕುರ್ಚಿಯಲ್ಲಿ ಕೂತವರು ಮುಖ್ಯವಾಗಿ ಗಮನಿಸಬೇಕಾದ್ದು ಕಾಳಗದ ತೂಕದ ಪಟ್ಟಿ, ಅಂದರೆ ಕಾಳಗ ಎಷ್ಟು ಕಠಿಣವೆಂದು ಅಳೆಯುವ ಲೆಕ್ಕ. ಹೊಸಬರಿಗೆಂದು ಬಂದ 2014ರ ಸ್ಟಾರ್ಟರ್ ಸೆಟ್‌ನ ಮೊದಲ ಕಾಳಗವನ್ನೇ ತೆಗೆದುಕೊಳ್ಳಿ: ದಾರಿಯಲ್ಲಿ ಸತ್ತ ಕುದುರೆಗಳು, ಪೊದೆಯಲ್ಲಿ ಹೊಂಚುಹಾಕಿದ ನಾಲ್ಕು ಗಾಬ್ಲಿನ್ ಎಂಬ ಕುಳ್ಳ ರಾಕ್ಷಸರು. ಗಾಬ್ಲಿನ್ ಒಂದಕ್ಕೆ 50 ಎಕ್ಸ್‌ಪಿ (ಶತ್ರುವನ್ನು ಸೋಲಿಸಿದರೆ ಸಿಗುವ ಅನುಭವದ ಅಂಕ), ನಾಲ್ಕಕ್ಕೆ 200. ಹಳೆಯ ಪುಸ್ತಕದ ಪ್ರಕಾರ ಶತ್ರುಗಳು ಮೂರರಿಂದ ಆರು ಇದ್ದರೆ ಎರಡರಿಂದ ಗುಣಿಸಬೇಕು, ಆಯಿತು 400. ಮೊದಲ ಲೆವೆಲ್‌ನ ನಾಲ್ಕು ಪಾತ್ರಗಳಿಗೆ 'ಮಾರಕ' ಎನ್ನುವ ಗೆರೆ ಸರಿಯಾಗಿ 400. ಹೊಸ ಪುಸ್ತಕದಲ್ಲಿ ಗುಣಾಕಾರವೇ ಇಲ್ಲ. ತಲೆಗೆ 50ರಂತೆ 200 ಎಂದರೆ ಮೂರು ದರ್ಜೆಗಳಲ್ಲಿ ಕೆಳಗಿನದು. ಅದೇ ದಾರಿ, ಅದೇ ಗಾಬ್ಲಿನ್. ಒಂದು ಪುಸ್ತಕಕ್ಕೆ ಮಾರಕ, ಇನ್ನೊಂದಕ್ಕೆ ಹಗುರ.

ಹೊಸ ಗಾಬ್ಲಿನ್ ಯೋಧನಿಗೆ ಹಿಟ್ ಪಾಯಿಂಟ್ (ಜೀವದ ಅಂಕ) 7ರ ಬದಲು 10 ಇದ್ದೂ ಹೀಗೇಕೆ? ಹಿಂದೆ ಹೊಂಚಿಗೆ ಸಿಕ್ಕಿದವರು ಮೊದಲ ಸರದಿಯನ್ನೇ ಕಳೆದುಕೊಳ್ಳುತ್ತಿದ್ದರು. ಈಗ ಯಾರ ಸರದಿ ಮೊದಲೆಂದು ಹೇಳುವ ಇನಿಶಿಯೇಟಿವ್ ದಾಳವನ್ನು ಎರಡು ಸಲ ಹಾಕಿ ಕಡಿಮೆ ಬಂದದ್ದನ್ನು ಇಟ್ಟುಕೊಂಡರೆ ಮುಗಿಯಿತು, ಸರದಿ ಉಳಿಯುತ್ತದೆ. ಜೊತೆಗೆ ಪಾತ್ರಗಳೇ ಮೊದಲ ಲೆವೆಲ್‌ನಿಂದ ಗಟ್ಟಿ: ಪ್ರತಿಯೊಬ್ಬರ ಹಿನ್ನೆಲೆಗೂ ಒಂದು ಫೀಟ್ (ವಿಶೇಷ ಶಕ್ತಿ), ಕತ್ತಿ ಹಿಡಿದು ಕಾದುವ ಫೈಟರ್‌ಗೆ ಮೂರು ಆಯುಧಗಳ ಮಾಸ್ಟರಿ (ಆಯುಧಕ್ಕೊಂದು ವಿಶೇಷ ಪಟ್ಟು), ಗಾಯ ಮಾಯಿಸುವ ಮಂತ್ರಕ್ಕೆ ಇಮ್ಮಡಿ ದಾಳ. ಹಾಗಾಗಿ ಹೊಸ ಪಾತ್ರ, ಹಳೆಯ ಪಟ್ಟಿ ಆದರೆ ಕಾಳಗ ಸಪ್ಪೆ. ಹಳೆಯ ಪಾತ್ರ, ಹೊಸ ಪಟ್ಟಿ ಆದರೆ ಮೊದಲ ರಾತ್ರಿಯೇ ಪಾತ್ರ ಪರಿಚಯದ ಜೊತೆ ತಿಥಿಯೂ ಮುಗಿಯುತ್ತದೆ. ಒಂದು ಪುಸ್ತಕ ಬದಲಿಸಿದ ಮೇಲೆ ಇನ್ನೊಂದನ್ನು ಹಳೆಯದರಲ್ಲೇ ಬಿಡುವ ಉಳಿತಾಯ ಇಲ್ಲಿಯೇ ಕೈಕೊಡುವುದು.

ಮಾಸ್ಟರಿ ಚಂದವೇ, ಆದರೆ ಸಮಯ ತಿನ್ನುತ್ತದೆ. ಟಾಪಲ್ (ಕೆಡವುವ ಪಟ್ಟು) ಇರುವ ಆಯುಧ ತಾಗಿದಾಗಲೆಲ್ಲ ಶತ್ರು ಕಾನ್‌ಸ್ಟಿಟ್ಯೂಶನ್ ಸೇವ್, ಅಂದರೆ ಮೈಗಟ್ಟಿಯಿಂದ ತಪ್ಪಿಸಿಕೊಳ್ಳುವ ದಾಳ, ಹಾಕಬೇಕು. ಫೈಟರ್ ಐದನೆಯ ಲೆವೆಲ್‌ಗೆ ಬಂದು ಎರಡು ಏಟು ಹೊಡೆಯತೊಡಗಿದರೆ ಸರದಿಗೆ ಎರಡು ಸೇವ್ ಹೆಚ್ಚು. ಸೇವ್‌ನಲ್ಲಿ ಮುಟ್ಟಬೇಕಾದ ಅಂಕೆ ಎಂಟು, ಪ್ರೊಫಿಷಿಯನ್ಸಿ (ಲೆವೆಲ್‌ಗೆ ತಕ್ಕ ಪಳಗಿಕೆಯ ಅಂಕ), ಹೊಡೆತಕ್ಕೆ ಬಳಸಿದ ಸಾಮರ್ಥ್ಯದ ಮಾಡಿಫೈಯರ್ ಕೂಡಿದಷ್ಟು. ಅದನ್ನು ಮೊದಲೇ ಹಾಳೆಯ ಮೇಲೆ ಬರೆದಿಟ್ಟರೆ ಅರ್ಧ ಗಲಾಟೆ ಕಡಿಮೆ. ಆತುರದವರಿಗೆ ಶತ್ರುವಿನ ಮುಂದಿನ ಏಟನ್ನು ಕುಂದಿಸುವ, ಉದ್ದ ಕತ್ತಿಯ ಸ್ಯಾಪ್ ಲೇಸು, ಅದಕ್ಕೆ ಸೇವ್ ಇಲ್ಲ.

ಪಾತ್ರ ಕಟ್ಟುವಾಗ ಹಳೆಯದು ಹೊಸದು ಬೆರೆಸುವವರಿಗೆ ಒಂದು ಗುಂಡಿ ಕಾದಿರುತ್ತದೆ. ಸಾಮರ್ಥ್ಯದ ಹೆಚ್ಚುವರಿ ಅಂಕಗಳು ಹಿಂದೆ ಎಲ್ಫ್, ಡ್ವಾರ್ಫ್‌ನಂಥ ಜನಾಂಗದಿಂದ ಬರುತ್ತಿದ್ದವು, ಈಗ ಹಿನ್ನೆಲೆಯಿಂದ. ಹಳೆಯ ಜನಾಂಗ, ಹೊಸ ಹಿನ್ನೆಲೆ ಎರಡನ್ನೂ ಆರಿಸಿ ಎರಡರ ಅಂಕವನ್ನೂ ಕೂಡಿಸಿಕೊಂಡು ನಗುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಹಳೆಯ ಜನಾಂಗದ ಅಂಕ ಬಿಟ್ಟುಬಿಡಬೇಕೆಂದು ಪುಸ್ತಕ ಹೇಳುತ್ತದೆ. ಹಾಗೆಯೇ ಉಪಕ್ಲಾಸ್, ಅಂದರೆ ಫೈಟರ್, ಪ್ಯಾಲಡಿನ್‌ನಂಥ ಕ್ಲಾಸ್‌ನ ಒಳಗಿನ ಕವಲು, ಈಗ ಎಲ್ಲರಿಗೂ ಮೂರನೆಯ ಲೆವೆಲ್‌ನಲ್ಲಿ. ಮೊದಲ ಲೆವೆಲ್‌ಗೇ ಡೊಮೇನ್ ಎಂಬ ಉಪಕ್ಲಾಸ್ ಪಡೆಯುತ್ತಿದ್ದ ಕ್ಲೆರಿಕ್ (ಪೂಜಾರಿ) ಅಲ್ಲಿಯವರೆಗೆ ಕಾಯಬೇಕು.

ಇನ್ನು ದುಡ್ಡು. ಮೂರು ಮುಖ್ಯ ಪುಸ್ತಕಗಳು, ಒಂದೊಂದಕ್ಕೆ 49.99 ಡಾಲರ್, ರೂಪಾಯಿಗೆ ತಿರುಗಿಸಿದರೆ ಸಾಗಣೆ ಸೇರಿಸದೆಯೇ ಹನ್ನೆರಡು ಸಾವಿರ ದಾಟುತ್ತದೆ. ಹೆಚ್ಚಿನ ಕಡೆ ಈ ಹೊರೆ ಡಿಎಂ ತಲೆಗೇ. ಕೊಳ್ಳುವ ಮೊದಲು 2025ರ ಏಪ್ರಿಲ್‌ನಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಂದ ಎಸ್‌ಆರ್‌ಡಿ 5.2 ಎಂಬ ಮೂಲ ನಿಯಮಗಳ ಕಡತ ಇಳಿಸಿಕೊಳ್ಳುವುದು ಜಾಣತನ. ಪುಕ್ಕಟೆ, ಹನ್ನೆರಡು ಕ್ಲಾಸ್‌ಗಳೂ ಒಂದೊಂದು ಉಪಕ್ಲಾಸ್‌ನೊಂದಿಗೆ ಅದರಲ್ಲಿವೆ, ಮಂತ್ರಗಳೂ ಪ್ರಾಣಿಗಳೂ ಬೇಕಾದಷ್ಟಿವೆ. ಅದನ್ನಿಟ್ಟುಕೊಂಡು ಮೂರನೆಯ ಲೆವೆಲ್‌ನ ಹೊಸ ಪಾತ್ರಗಳಿಂದ ಒಂದು ಸಂಜೆಯ ಬಿಡಿ ಆಟ ಆಡಿ ನೋಡಬೇಕು. ನಡೆಯುತ್ತಿರುವ ಕ್ಯಾಂಪೇನ್‌ನ (ದೀರ್ಘ ಕಥೆಯ) ಪಾತ್ರಗಳನ್ನೇ ಪರೀಕ್ಷೆಗೆ ಹಾಕಿದರೆ ಯಾರೂ ಹೊಸ ನಿಯಮ ನೋಡುವುದಿಲ್ಲ, ತಾವು ಕಳೆದುಕೊಂಡದ್ದನ್ನೇ ಎಣಿಸುತ್ತಾರೆ. 2024ರ ಆಗಸ್ಟ್‌ನಲ್ಲಿ ಆಟದ ಅಧಿಕೃತ ಜಾಲತಾಣ ಡಿ ಅಂಡ್ ಡಿ ಬಿಯಾಂಡ್ ಜನರ ಹಳೆಯ ಕ್ಯಾರೆಕ್ಟರ್ ಶೀಟ್‌ಗಳಲ್ಲಿದ್ದ ಮಂತ್ರಗಳನ್ನು ಹೊಸವುಗಳಿಂದ ಬದಲಿಸುವುದಾಗಿ ಸಾರಿ, ಕೂಗೆದ್ದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆಗೆದುಕೊಂಡಿತು. ಅಳಿಸಲು ಹೊರಟದ್ದು ಜನ ಮುದ್ದಿನಿಂದ ಬೆಳೆಸಿದ ಪಾತ್ರವನ್ನು.

ಮುಗಿಯಲು ನಾಲ್ಕೈದು ಬೈಠಕ್ ಉಳಿದಿರುವ ಕಥೆಯನ್ನು ಹಳೆಯದರಲ್ಲೇ ಮುಗಿಸುವುದು ಲೇಸು. ವರ್ಷಗಟ್ಟಲೆ ಉಳಿದಿದ್ದರೆ ಒಂದು ಅಧ್ಯಾಯ ಮುಗಿದಾಗ ಎಲ್ಲರೂ ಒಂದೇ ದಿನ ಬದಲಾಗಬೇಕು. ಇದ್ದ ಅಂಕಗಳು ಹಾಗೇ ಇರಲಿ, ಕ್ಲಾಸ್ ಮತ್ತು ಮಂತ್ರಗಳು ಹೊಸ ಪುಸ್ತಕದಿಂದ, ಅಲ್ಲಿ ಸಿಗದ ಉಪಕ್ಲಾಸ್ ಮಾತ್ರ ಹಳೆಯದರಿಂದ. ನನಗೆ ಕೇಳಿದರೆ ಹೊಸದೇ ಮೇಲು, ಅದರಲ್ಲೂ ಬರಿಗೈಯಲ್ಲಿ ಕಾದುವ ಮಾಂಕ್ ಆಡುವವರಿದ್ದರೆ ಯೋಚಿಸುವ ಅಗತ್ಯವೇ ಇಲ್ಲ.

ಅವಿತುಕೊಳ್ಳುವ ನಿಯಮವೊಂದನ್ನು ಮಾತ್ರ ನಂಬಿ ಹೋಗಬೇಡಿ. ಹಳೆಯ ಪುಸ್ತಕದಲ್ಲಿ ಅದು ಯಾರಿಗೂ ಪೂರ್ತಿ ಅರ್ಥವಾಗಿರಲಿಲ್ಲ. ಹೊಸದರಲ್ಲಿ ಅವಿತುಕೊಳ್ಳುವ ದಾಳ 15 ಮುಟ್ಟಿದರೆ 'ಇನ್ವಿಸಿಬಲ್' (ಅದೃಶ್ಯ) ಎಂಬ ಸ್ಥಿತಿ ಸಿಗುತ್ತದೆ, ಕಳ್ಳಹೆಜ್ಜೆಯ ರೋಗ್ ಆಡುವವನು ಅದನ್ನು ಹಿಡಿದು ಕಾವಲುಗಾರನ ಮೂಗಿನ ಮುಂದೆಯೇ ನಡೆದುಹೋಗುತ್ತೇನೆ ಅನ್ನುತ್ತಾನೆ. ಎರಡು ಆವೃತ್ತಿಯಲ್ಲೂ ಅದಕ್ಕೆ ಉತ್ತರ ಕೊಡಬೇಕಾದವರು ಡಿಎಂ.